ಯಕೃತ್ತಿನಲ್ಲಿ ಕೊಬ್ಬು, ಹೃದಯಕ್ಕೆ ಅಪಾಯ

ಕಾಫಿ ಕೊಯ್ಲು ಮುಗಿದು, ಚಾಲಿ ಅಂಗಳದಲ್ಲಿ ಒಣಗುತ್ತಾ, ಹೂಮಳೆಗಾಗಿ ಆಕಾಶ ನೋಡುವ ಈ ದಿನಗಳಲ್ಲಿ ನಮ್ಮ ಸದಸ್ಯರಲ್ಲಿ ಅನೇಕರು ಪೇಟೆಗೆ ಹೋಗಿ ದೇಹ ತಪಾಸಣೆ ಮಾಡಿಸಿಕೊಂಡು ಬರುವುದು ವಾಡಿಕೆ. ಕೊಯ್ಲಿನ ಗಡಿಬಿಡಿಯಲ್ಲಿ ಮುಂದೂಡಿದ ಸೊಂಟನೋವು, ಹೊಟ್ಟೆಯುರಿ, ಮೂತ್ರಕೋಶದ ಕಲ್ಲು ಎಲ್ಲಕ್ಕೂ ಸರದಿ ಬರುವುದು ಈಗಲೇ. ಹೊಟ್ಟೆಯ ಸ್ಕ್ಯಾನಿಂಗ್ ಆಗುತ್ತದೆ. ವರದಿಯ ಕೊನೆಯಲ್ಲಿ 'ಗ್ರೇಡ್ 1 ಫ್ಯಾಟಿ ಲಿವರ್' ಎಂದು ಒಂದು ಸಾಲು ಇರುತ್ತದೆ. "ಅದೇನೂ ಇಲ್ಲ ಬಿಡಿ, ಈಗ ಎಲ್ಲರಿಗೂ ಇರುತ್ತೆ" ಎಂದು ಯಾರೋ ಹೇಳುತ್ತಾರೆ. ವರದಿಯು ಬ್ಯಾಂಕಿನ ಪಾಸ್‌ಬುಕ್ಕಿನ ಜೊತೆಗೆ ಬೀರು ಸೇರುತ್ತದೆ.

ನಮ್ಮ ಸದಸ್ಯರೊಬ್ಬರ ವರದಿಯೂ ಹಾಗೆಯೇ ಬೀರು ಸೇರಿತ್ತು. ಆಗ ಅವರಿಗೆ 48 ವರ್ಷ. ಮದ್ಯ ಮುಟ್ಟಿದವರಲ್ಲ, ಬೀಡಿ ಸಿಗರೇಟು ಇಲ್ಲ. ತೂಕ 68 ಕಿಲೋ. ನೋಡಿದವರು ದಪ್ಪ ಎನ್ನುವಂತಿರಲಿಲ್ಲ. ನಾಲ್ಕು ವರ್ಷದ ಮೇಲೆ ಒಂದು ಮುಂಜಾನೆ ಕಣದಲ್ಲಿ ಕಾಫಿ ಹರವುತ್ತಿರುವಾಗ ಎದೆ ಭಾರವಾಯಿತು. ಗ್ಯಾಸ್ ಎಂದು ತಿಳಿದು ಜೀರಿಗೆ ಕಷಾಯ ಕುಡಿದು ಮಲಗಿದರು. ಆಸ್ಪತ್ರೆ ಮುಟ್ಟುವಾಗ ನಾಲ್ಕು ಗಂಟೆ ಕಳೆದಿತ್ತು. ಜೀವ ಉಳಿಯಿತು, ಆದರೆ ತೋಟದ ಏರು ಹತ್ತಲು ಈಗ ಆಗುವುದಿಲ್ಲ. ಅವರ ಮನೆಯವರು ಹಳೆಯ ವರದಿಗಳನ್ನೆಲ್ಲ ನಮ್ಮ ಮುಂದೆ ತಂದಿಟ್ಟು, "ಹೆಸರು ಹಾಕಬೇಡಿ, ಆದರೆ ನಾಲ್ಕು ಜನಕ್ಕೆ ತಿಳಿಯುವ ಹಾಗೆ ಬರೆಯಿರಿ" ಎಂದರು. ಈ ಲೇಖನ ಬರೆಯಲು ಅದೇ ಕಾರಣ. ಯಾರನ್ನೂ ದೂರುವ ಉದ್ದೇಶ ನಮಗಿಲ್ಲ. ಆ ಹಳೆಯ ಕಾಗದಗಳಲ್ಲಿಯೇ ನಾಲ್ಕು ವರ್ಷ ಮೊದಲೇ ಏನು ಬರೆದಿತ್ತು, ಅದನ್ನು ಓದುವುದು ಹೇಗೆ ಎಂಬುದಷ್ಟೇ ನಮ್ಮ ವಿಷಯ.

ಮೊದಲು ಒಂದು ಮಾತು. ಲಿವರಿನಲ್ಲಿ, ಅಂದರೆ ಯಕೃತ್ತಿನಲ್ಲಿ, ಕೊಬ್ಬು ತುಂಬಿದವರೆಲ್ಲ ಮುಂದೆ ಲಿವರ್ ಕೆಟ್ಟು ಸಾಯುತ್ತಾರೆಂದು ಜನ ಹೆದರುವುದುಂಟು. ಕೆಲವರಲ್ಲಿ ಹಾಗಾಗುವುದು ನಿಜ. ಆದರೆ ಈ ರೋಗಿಗಳನ್ನು ವರ್ಷಗಟ್ಟಲೆ ಗಮನಿಸಿದ ವೈದ್ಯರಿಗೆ ಕಂಡುಬಂದದ್ದು ಬೇರೆ. ಇವರಲ್ಲಿ ಅತಿ ಹೆಚ್ಚು ಜನರನ್ನು ಕೊಂಡೊಯ್ಯುವುದು ಲಿವರ್ ಕಾಯಿಲೆಯಲ್ಲ, ಹೃದಯ ಮತ್ತು ರಕ್ತನಾಳಗಳ ಕಾಯಿಲೆ. ಲಿವರಿನ ವರದಿ ಹಿಡಿದುಕೊಂಡು ಹೃದಯದ ವಿಚಾರ ಕೇಳಬೇಕು ಎನ್ನುವುದು ಇದಕ್ಕಾಗಿಯೇ.

ಉಗ್ರಾಣ ತುಂಬಿದ ಮೇಲೆ

ಫಸಲು ಹೆಚ್ಚಾದ ವರ್ಷ ಗೋದಾಮು ತುಂಬಿದರೆ ನಾವು ಏನು ಮಾಡುತ್ತೇವೆ? ಮೂಟೆಗಳನ್ನು ಜಗಲಿಗೆ ತರುತ್ತೇವೆ. ಜಗಲಿಯೂ ತುಂಬಿದರೆ ನಡುಮನೆಗೆ, ಅಡುಗೆಮನೆಯ ಬಾಗಿಲಿಗೆ. ಓಡಾಡಲು ಜಾಗವಿರುವುದಿಲ್ಲ, ಮನೆಯ ಕೆಲಸ ಕೆಡುತ್ತದೆ. ದೇಹವೂ ಹೀಗೆಯೇ. ಉಂಡು ಉಳಿದದ್ದನ್ನು ಕೊಬ್ಬಾಗಿ ಇಡಲು ಚರ್ಮದ ಕೆಳಗೆ ಉಗ್ರಾಣವಿದೆ. ಅಲ್ಲಿ ಇದ್ದಷ್ಟು ದಿನ ಹೆಚ್ಚು ತೊಂದರೆಯಿಲ್ಲ. ಅದು ತುಂಬಿತೆಂದರೆ ಕೊಬ್ಬು ಹೊಟ್ಟೆಯ ಒಳಗೆ, ಸ್ನಾಯುಗಳಲ್ಲಿ, ಲಿವರಿನಲ್ಲಿ ಸೇರಲು ತೊಡಗುತ್ತದೆ. ಲಿವರಿನಲ್ಲಿ ಕೊಬ್ಬು ಶೇ. 5ಕ್ಕಿಂತ ಹೆಚ್ಚಾದರೆ ಅದಕ್ಕೆ ಫ್ಯಾಟಿ ಲಿವರ್ ಎನ್ನುತ್ತಾರೆ.

ನಮ್ಮ ದೇಶದವರ ಉಗ್ರಾಣ ಚಿಕ್ಕದು. ಪುಣೆಯ ವೈದ್ಯ ಡಾ. ಚಿತ್ತರಂಜನ ಯಾಜ್ಞಿಕ್ ಮತ್ತು ಅವರ ಇಂಗ್ಲಿಷ್ ಸಹೋದ್ಯೋಗಿ ಜಾನ್ ಯುಡ್ಕಿನ್ 2004ರಲ್ಲಿ ತಮ್ಮಿಬ್ಬರ ಚಿತ್ರವನ್ನೇ ಪ್ರಕಟಿಸಿ ಇದನ್ನು ತೋರಿಸಿದರು. ಎತ್ತರಕ್ಕೆ ತಕ್ಕ ತೂಕದ ಲೆಕ್ಕದಲ್ಲಿ ಇಬ್ಬರೂ ಸರಿಸಮ, ತಲಾ 22.3. ಆದರೆ ದೇಹದಲ್ಲಿದ್ದ ಕೊಬ್ಬು ಯುಡ್ಕಿನ್ನರದು ಶೇ. 9.1, ನಮ್ಮ ಯಾಜ್ಞಿಕರದು ಶೇ. 21.2! ತೆಳ್ಳಗೆ ಕಾಣುವ ನಮ್ಮವರಿಗೂ ಸಕ್ಕರೆ ಕಾಯಿಲೆ, ಹೃದ್ರೋಗ ಬೇಗ ಬರುವುದರ ಗುಟ್ಟು ಸ್ವಲ್ಪ ಮಟ್ಟಿಗೆ ಇಲ್ಲಿದೆ. ದೆಹಲಿಯ ವೈದ್ಯರು ದೇಶದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2022ರಲ್ಲಿ ಪ್ರಕಟಿಸಿದ ಅಂದಾಜಿನಂತೆ ವಯಸ್ಕರಲ್ಲಿ ಶೇ. 38ರಷ್ಟು ಜನರಿಗೆ ಫ್ಯಾಟಿ ಲಿವರ್ ಇದೆ. "ಎಲ್ಲರಿಗೂ ಇರುತ್ತೆ" ಎಂಬ ಮಾತು ಪೂರ್ತಿ ಸುಳ್ಳಲ್ಲ. ಎಲ್ಲರಿಗೂ ಇದೆ ಎಂದ ಮಾತ್ರಕ್ಕೆ ಕೊಳೆರೋಗವನ್ನು ನಾವು ಬಿಟ್ಟುಬಿಡುತ್ತೇವೆಯೇ?

ಇನ್ನು ಇನ್ಸುಲಿನ್ನಿನ ವಿಷಯ. ಮೇದೋಜೀರಕ ಗ್ರಂಥಿಯಲ್ಲಿ ಹುಟ್ಟುವ ಈ ರಸಕ್ಕೆ ಮುಖ್ಯವಾಗಿ ಎರಡು ಕೆಲಸ. ಊಟವಾದ ಮೇಲೆ ರಕ್ತದಲ್ಲಿರುವ ಸಕ್ಕರೆಯನ್ನು ಸ್ನಾಯುಗಳ ಒಳಗೆ ಕಳಿಸುವುದು ಒಂದು. ಲಿವರಿಗೆ "ಸದ್ಯ ನೀನು ಸಕ್ಕರೆ ಬಿಡಬೇಡ, ಇದ್ದದ್ದನ್ನು ಕೂಡಿಡು" ಎಂದು ಹೇಳುವುದು ಇನ್ನೊಂದು. ಕೊಬ್ಬು ತುಂಬಿದ ಸ್ನಾಯು ಮತ್ತು ಲಿವರ್ ಈ ಮಾತನ್ನು ಸರಿಯಾಗಿ ಕೇಳುವುದಿಲ್ಲ. ಇದನ್ನೇ ಇನ್ಸುಲಿನ್ ಪ್ರತಿರೋಧ ಎನ್ನುತ್ತಾರೆ. ಮಾತು ಕೇಳದಿದ್ದರೆ ಗ್ರಂಥಿಯು ಸುಮ್ಮನಿರುವುದಿಲ್ಲ, ಎರಡರಷ್ಟು ಮೂರರಷ್ಟು ಇನ್ಸುಲಿನ್ ಸುರಿಸಿ ಕೂಗಿ ಹೇಳುತ್ತದೆ. ಆದ್ದರಿಂದ ಹಲವು ವರ್ಷ ರಕ್ತದ ಸಕ್ಕರೆ ನಾರ್ಮಲ್ ಆಗಿಯೇ ಇರುತ್ತದೆ. ನಮಗೆ ಮೋಸವಾಗುವುದು ಇಲ್ಲೇ.

ಲಿವರಿನ ವಿಚಿತ್ರವೆಂದರೆ, "ಸಕ್ಕರೆ ಬಿಡಬೇಡ" ಎಂಬ ಮಾತನ್ನು ಅದು ಕೇಳುವುದಿಲ್ಲ. "ಕೊಬ್ಬು ಮಾಡು" ಎಂಬ ಮಾತನ್ನು ಮಾತ್ರ ಚಾಚೂ ತಪ್ಪದೆ ಕೇಳುತ್ತದೆ. ಇನ್ಸುಲಿನ್ ಹೆಚ್ಚಾದಷ್ಟೂ ಕೊಬ್ಬಿನ ತಯಾರಿಕೆ ಹೆಚ್ಚು. ತನ್ನಲ್ಲಿ ಹಿಡಿಸದಷ್ಟಾದಾಗ ಅದನ್ನು ಟ್ರೈಗ್ಲಿಸರೈಡ್ ಎಂಬ ರೂಪದಲ್ಲಿ ರಕ್ತಕ್ಕೆ ಬಿಡುತ್ತದೆ. ಟ್ರೈಗ್ಲಿಸರೈಡ್ ಏರಿದಂತೆ ಒಳ್ಳೆಯ ಕೊಲೆಸ್ಟ್ರಾಲ್ ಎನಿಸಿದ ಎಚ್.ಡಿ.ಎಲ್. ಇಳಿಯುತ್ತದೆ. ಕೆಟ್ಟದ್ದೆನಿಸಿದ ಎಲ್.ಡಿ.ಎಲ್. ಕಣಗಳು ಚಿಕ್ಕದಾಗಿ, ಸಂಖ್ಯೆಯಲ್ಲಿ ಹೆಚ್ಚಾಗಿ, ರಕ್ತನಾಳದ ಗೋಡೆಯೊಳಗೆ ಸುಲಭವಾಗಿ ನುಗ್ಗುತ್ತವೆ. ಜೊತೆಗೆ ಮೂತ್ರಪಿಂಡ ಉಪ್ಪನ್ನು ಹಿಡಿದಿಟ್ಟುಕೊಳ್ಳುವುದರಿಂದ ಬಿ.ಪಿ. ಏರುತ್ತದೆ. ಹೃದಯದ ರಕ್ತನಾಳ ಕಟ್ಟಿಕೊಳ್ಳಲು ಇದಕ್ಕಿಂತ ಇನ್ನೇನು ಬೇಕು? ಅಮೆರಿಕದ ಸ್ಟ್ಯಾನ್‌ಫರ್ಡಿನ ಡಾ. ಜೆರಾಲ್ಡ್ ರೀವನ್ 1988ರ ತಮ್ಮ ಉಪನ್ಯಾಸವೊಂದರಲ್ಲಿ ಈ ಗುಂಪಿಗೆ 'ಸಿಂಡ್ರೋಮ್ ಎಕ್ಸ್' ಎಂದು ಹೆಸರಿಟ್ಟು, ಸಕ್ಕರೆ ಕಾಯಿಲೆ ಇಲ್ಲದವರಲ್ಲಿಯೂ ಇದು ಇರುತ್ತದೆ ಎಂದು ಎಚ್ಚರಿಸಿದ್ದರು.

ಇಲ್ಲಿ ಒಂದು ಪ್ರಶ್ನೆ ಸಹಜ. ಲಿವರಿನ ಕೊಬ್ಬೇ ಹೃದಯವನ್ನು ಕೆಡಿಸುವುದೋ, ಅಥವಾ ಎರಡಕ್ಕೂ ಮೂಲ ಬೇರೆಯೋ? ಹುಟ್ಟಿನಿಂದ ಬಂದ ಒಂದು ಗುಣದಿಂದ ಕೆಲವರ ಲಿವರಿನಲ್ಲಿ ಕೊಬ್ಬು ಹೆಚ್ಚು ನಿಲ್ಲುತ್ತದೆಂದು 2008ರಲ್ಲಿ ಅಮೆರಿಕದ ಡಲ್ಲಾಸಿನ ವಿಜ್ಞಾನಿಗಳು ಕಂಡುಹಿಡಿದರು. ಅಂಥವರಿಗೆ ಲಿವರ್ ಗಟ್ಟಿಯಾಗುವ ಅಪಾಯ ಹೆಚ್ಚು. ಆದರೆ ಆ ಗುಣವೊಂದರಿಂದಲೇ ಅವರ ಹೃದಯದ ಅಪಾಯ ಏರಿದ್ದು ಕಂಡುಬರಲಿಲ್ಲ. ಆದ್ದರಿಂದ ಫ್ಯಾಟಿ ಲಿವರ್ ಇರುವ ಎಲ್ಲರ ಹೃದಯವೂ ಒಂದೇ ಅಪಾಯದಲ್ಲಿಲ್ಲ. ಇನ್ಸುಲಿನ್ ಪ್ರತಿರೋಧವೂ ಜೊತೆಗಿರುವವರನ್ನು ಬೇರೆಯಾಗಿ ಗುರುತಿಸಬೇಕು. 2023ರಲ್ಲಿ ಜಗತ್ತಿನ ತಜ್ಞರು ಈ ಕಾಯಿಲೆಯ ಇಂಗ್ಲಿಷ್ ಹೆಸರನ್ನೇ ಬದಲಾಯಿಸಿ, 'ಮದ್ಯದಿಂದಲ್ಲದ್ದು' ಎಂಬ ಮಾತನ್ನು ತೆಗೆದು, ದೇಹದ ಪಚನಕ್ರಿಯೆಯ ಏರುಪೇರಿನಿಂದ ಬಂದದ್ದು ಎಂಬ ಅರ್ಥ ಬರುವಂತೆ ಮಾಡಿದ್ದೂ ಇದೇ ದಾರಿಯ ಆಲೋಚನೆ. ಕುಡಿಯುವವರು ಇದರಿಂದ ಸಮಾಧಾನಪಟ್ಟುಕೊಳ್ಳಬಾರದು. ಮದ್ಯವೂ ಇದೂ ಕೂಡಿದರೆ ಲಿವರಿಗೆ ಎರಡು ಕಡೆಯ ಹೊಡೆತ.

ಗುರುತಿಸುವ ಲೆಕ್ಕ

ಮೊದಲನೆಯ ಉಪಕರಣ ಹೊಲಿಗೆಯ ಟೇಪು. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟ ಮೇಲೆ, ಬಿಗಿಯದೆ ಅಳೆಯಬೇಕು. ನಮ್ಮ ದೇಶದ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಗಡಿ, ಇಂಚಿನಲ್ಲಿ ಸುಮಾರು ಮೂವತ್ತೈದೂವರೆ ಮತ್ತು ಮೂವತ್ತೊಂದೂವರೆ. ಪಂಚೆ ಉಡುವ ನಮಗೆ ಹೊಟ್ಟೆ ಬೆಳೆದದ್ದು ತಿಳಿಯುವುದೇ ಇಲ್ಲ. ಪಂಚೆ ಹೊಟ್ಟೆಯ ಕೆಳಗೆ ಇಳಿಯುತ್ತಾ ಹೋಗುತ್ತದೆ, ಅಷ್ಟೇ! ಪ್ಯಾಂಟಿನ ಸೈಜು ಹೇಳುವ ಸತ್ಯವನ್ನು ಪಂಚೆ ಹೇಳುವುದಿಲ್ಲ. ಮೇಲೆ ಹೇಳಿದ ಸದಸ್ಯರ ಸುತ್ತಳತೆ 97 ಸೆಂ.ಮೀ. ಇತ್ತು.

ಇನ್ನು ಅವರ ಅಂದಿನ ರಕ್ತದ ವರದಿ. ಬರಿಹೊಟ್ಟೆಯ ಸಕ್ಕರೆ 104. ಒಟ್ಟು ಕೊಲೆಸ್ಟ್ರಾಲ್ 188. ಟ್ರೈಗ್ಲಿಸರೈಡ್ 210. ಎಚ್.ಡಿ.ಎಲ್. 34. ಎಲ್.ಡಿ.ಎಲ್. 112. ಒಟ್ಟು ಕೊಲೆಸ್ಟ್ರಾಲ್ 200ರ ಒಳಗಿದೆ ಎಂದು ಮನೆಯವರೆಲ್ಲ ನೆಮ್ಮದಿಯಿಂದಿದ್ದರು. ಸಕ್ಕರೆಯೂ ಕಾಯಿಲೆಯ ಮಟ್ಟಕ್ಕೆ ಹೋಗಿರಲಿಲ್ಲ. ಆದರೆ ಇದೇ ಅಂಕಿಗಳನ್ನು ಸ್ವಲ್ಪ ಕೂಡಿ ಕಳೆದು ನೋಡೋಣ.

ಟ್ರೈಗ್ಲಿಸರೈಡನ್ನು ಎಚ್.ಡಿ.ಎಲ್.ನಿಂದ ಭಾಗಿಸಿ. 210ನ್ನು 34ರಿಂದ ಭಾಗಿಸಿದರೆ 6.2 ಬರುತ್ತದೆ. ಇದು 3ನ್ನು ದಾಟಿದರೆ ಇನ್ಸುಲಿನ್ ಪ್ರತಿರೋಧದ ಅನುಮಾನ ಪಡಬೇಕು. ಟ್ರೈಗ್ಲಿಸರೈಡ್ 110, ಎಚ್.ಡಿ.ಎಲ್. 48 ಇರುವವರ ಲೆಕ್ಕ 2.3 ಮಾತ್ರ. ಇಷ್ಟು ಸುಲಭದ ಭಾಗಾಕಾರಕ್ಕೆ ಯಾರ ನೆರವೂ ಬೇಡ.

ಎರಡನೆಯದು ಮೆಕ್ಸಿಕೋ ದೇಶದ ಸಂಶೋಧಕರು 2008ರಲ್ಲಿ ಮುಂದಿಟ್ಟ ಟಿ.ವೈ.ಜಿ. ಸೂಚ್ಯಂಕ. ಟ್ರೈಗ್ಲಿಸರೈಡನ್ನು ಬರಿಹೊಟ್ಟೆಯ ಸಕ್ಕರೆಯಿಂದ ಗುಣಿಸಿ, ಅರ್ಧ ಮಾಡಿ, ಬಂದ ಸಂಖ್ಯೆಯ ಲಾಗರಿತಮ್ ತೆಗೆಯಬೇಕು. ಮೊಬೈಲಿನ ಕ್ಯಾಲ್ಕುಲೇಟರನ್ನು ಅಡ್ಡ ಹಿಡಿದರೆ ಹಲವು ಫೋನುಗಳಲ್ಲಿ 'ಎಲ್‌ಎನ್' ಎಂಬ ಗುಂಡಿ ಕಾಣುತ್ತದೆ. ಕಾಲೇಜಿಗೆ ಹೋಗುವ ಮಕ್ಕಳಿಗೆ ಇದು ಗೊತ್ತು. ನಮ್ಮ ಸದಸ್ಯರ ಲೆಕ್ಕ: 210ನ್ನು 104ರಿಂದ ಗುಣಿಸಿದರೆ 21,840, ಅರ್ಧ 10,920, ಲಾಗರಿತಮ್ 9.3. ಸಾಮಾನ್ಯವಾಗಿ 8.5ರಿಂದ 8.8ರ ಆಸುಪಾಸನ್ನು ದಾಟಿದರೆ ಎಚ್ಚರ ಬೇಕೆನ್ನುತ್ತಾರೆ. ಅಂಕಿ ಹತ್ತಿರ ಹತ್ತಿರ ಕಂಡರೂ ಲಾಗರಿತಮ್ಮಿನಲ್ಲಿ ಅರ್ಧ ಅಂಕವೆಂದರೆ ದೊಡ್ಡ ಅಂತರ. 22 ದೇಶಗಳ 1,40,000ಕ್ಕೂ ಹೆಚ್ಚು ಜನರನ್ನು ವರ್ಷಗಟ್ಟಲೆ ಗಮನಿಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಸೂಚ್ಯಂಕ ಹೆಚ್ಚಿದ್ದವರಿಗೆ ಮುಂದೆ ಸಕ್ಕರೆ ಕಾಯಿಲೆ ಮತ್ತು ಹೃದಯಾಘಾತ ಹೆಚ್ಚಾಗಿ ಬಂದದ್ದು ಕಂಡಿತು. ಆ ದೊಡ್ಡ ಅಧ್ಯಯನದಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯೂ ಭಾಗಿ ಎಂಬುದು ನಮಗೆ ಹತ್ತಿರದ ಸಂಗತಿ.

ಮೂರನೆಯದು ಹೋಮಾ ಎಂಬುದು. 1985ರಲ್ಲಿ ಆಕ್ಸ್‌ಫರ್ಡಿನಲ್ಲಿ ಹುಟ್ಟಿದ್ದು. ಬರಿಹೊಟ್ಟೆಯ ಸಕ್ಕರೆಯನ್ನು ಬರಿಹೊಟ್ಟೆಯ ಇನ್ಸುಲಿನ್ನಿನಿಂದ ಗುಣಿಸಿ 405ರಿಂದ ಭಾಗಿಸಬೇಕು. ಸುಮಾರು 2.5ನ್ನು ದಾಟಿದರೆ ಪ್ರತಿರೋಧವಿದೆ ಎನ್ನುವುದು ರೂಢಿ. ಆದರೆ ಇದಕ್ಕೆ ಬೇಕಾದ ಇನ್ಸುಲಿನ್ ಪರೀಕ್ಷೆಗೆ ಬೇರೆ ದುಡ್ಡು ತೆರಬೇಕು, ಒಂದು ಲ್ಯಾಬಿನ ಅಂಕಿ ಇನ್ನೊಂದರಲ್ಲಿ ಬರುವುದೂ ಕಡಿಮೆ. ಮೊದಲಿನ ಎರಡು ಲೆಕ್ಕ ಕೈಯಲ್ಲಿರುವಾಗ ಇದರ ಹಿಂದೆ ಓಡುವ ಅಗತ್ಯ ಹೆಚ್ಚಿನವರಿಗೆ ಇಲ್ಲವೆಂದು ನಮ್ಮ ಅನಿಸಿಕೆ.

ಇನ್ನೊಂದು ಚಿಕ್ಕ ಕಳೆಯುವ ಲೆಕ್ಕ. ಒಟ್ಟು ಕೊಲೆಸ್ಟ್ರಾಲಿನಿಂದ ಎಚ್.ಡಿ.ಎಲ್. ಕಳೆದರೆ ರಕ್ತನಾಳಕ್ಕೆ ಕೇಡು ಮಾಡುವ ಕಣಗಳೆಲ್ಲವೂ ಹೊತ್ತ ಕೊಲೆಸ್ಟ್ರಾಲಿನ ಮೊತ್ತ ಸಿಗುತ್ತದೆ. 188ರಲ್ಲಿ 34 ಕಳೆದರೆ 154. ಇದು 130ರ ಕೆಳಗಿರಬೇಕಿತ್ತು. 'ನಾರ್ಮಲ್' ಎಂದುಕೊಂಡ 188ರ ಒಳಗೆ ಅಡಗಿದ್ದದ್ದು ಇದು.

ಇವೆಲ್ಲ ಸೂಚನೆಗಳು, ತೀರ್ಪಲ್ಲ. ಹಿಂದಿನ ರಾತ್ರಿ ಮದುವೆಯೂಟ ಉಂಡು ಬೆಳಿಗ್ಗೆ ರಕ್ತ ಕೊಟ್ಟರೆ ಟ್ರೈಗ್ಲಿಸರೈಡ್ ಏರಿಯೇ ಇರುತ್ತದೆ. ಒಂದು ಸಲದ ಅಂಕಿಯಿಂದ ಗಾಬರಿ ಬೇಡ. ಎರಡು ಮೂರು ತಿಂಗಳ ಮೇಲೆ ಇನ್ನೊಮ್ಮೆ ನೋಡಿ. ಲೆಕ್ಕ ಮಾಡಿದ ಕಾಗದವನ್ನು ಬಿ.ಪಿ. ಅಂಕಿ, ಮೂರು ತಿಂಗಳ ಸರಾಸರಿ ಸಕ್ಕರೆಯ ಎಚ್‌ಬಿಎ1ಸಿ ಪರೀಕ್ಷೆ (5.7ರಿಂದ 6.4 ಎಂದರೆ ಕಾಯಿಲೆಯ ಹೊಸ್ತಿಲು), ಮತ್ತು ತಂದೆ, ಅಣ್ಣ ತಮ್ಮಂದಿರಿಗೆ ಯಾವ ವಯಸ್ಸಿನಲ್ಲಿ ಹೃದಯಾಘಾತವಾಯಿತು ಎಂಬ ವಿವರದ ಜೊತೆ ವೈದ್ಯರ ಮುಂದಿಟ್ಟರೆ ಅವರಿಗೂ ನಿರ್ಧಾರ ಸುಲಭವಾಗುತ್ತದೆ.

ಸ್ಕ್ಯಾನಿಂಗಿನ 'ಗ್ರೇಡ್' ಬಗ್ಗೆಯೂ ತಪ್ಪು ತಿಳಿವಳಿಕೆ ಇದೆ. ಅದು ಕೊಬ್ಬು ಎಷ್ಟಿರಬಹುದೆಂಬ ಅಂದಾಜು ಮಾತ್ರ. ಲಿವರ್ ಗಟ್ಟಿಯಾಗತೊಡಗಿದೆಯೇ ಎಂಬುದನ್ನು ಅದು ಹೇಳುವುದಿಲ್ಲ. ಅದನ್ನು ತಿಳಿಯಲು ವಯಸ್ಸು, ಲಿವರಿನ ಎರಡು ಕಿಣ್ವಗಳು ಮತ್ತು ಪ್ಲೇಟ್‌ಲೆಟ್ ಸಂಖ್ಯೆಯಿಂದ ಮಾಡುವ 'ಫಿಬ್-4' ಎಂಬ ಲೆಕ್ಕವಿದೆ, 1.3ಕ್ಕಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ನೆಮ್ಮದಿ. ವೈದ್ಯರನ್ನು ಕೇಳಿ ಮಾಡಿಸಿಕೊಳ್ಳಬಹುದು.

ನಮ್ಮ ಮನೆ, ನಮ್ಮ ಬೆಳೆ

ನಮ್ಮ ಹಿರಿಯರು ಮೂರು ಹೊತ್ತೂ ಅಕ್ಕಿಯನ್ನೇ ಉಂಡರು, ಬೆಲ್ಲದ ಕಾಫಿ ಕುಡಿದರು, ಏನೂ ಆಗಲಿಲ್ಲ ಎನ್ನುವ ವಾದವನ್ನು ನಾವು ಬಹಳ ಸಲ ಕೇಳಿದ್ದೇವೆ. ಹಿರಿಯರು ದಿನಕ್ಕೆ ಎರಡು ಸಲ ತೋಟ ಸುತ್ತುತ್ತಿದ್ದರು. ನಾವು ಜೀಪಿನಲ್ಲಿ ಗೇಟಿನವರೆಗೆ ಹೋಗಿ ರೈಟರನ್ನು ಕರೆಯುತ್ತೇವೆ. ಉಣ್ಣುವುದು ಮಾತ್ರ ಅವರಷ್ಟೇ. ಬೆಳಿಗ್ಗೆ ಕಡುಬು ಅಥವಾ ರೊಟ್ಟಿ, ಮಧ್ಯಾಹ್ನ ಅನ್ನ, ರಾತ್ರಿ ಮತ್ತೆ ಅನ್ನ. ಅಕ್ಕಿ ಬಿಡಿ ಎಂದರೆ ಯಾರೂ ಬಿಡುವುದಿಲ್ಲ, ನಾವೂ ಬಿಟ್ಟಿಲ್ಲ. ನಾಲ್ಕು ರೊಟ್ಟಿಯ ಜಾಗದಲ್ಲಿ ಎರಡು. ಉಳಿದ ಜಾಗಕ್ಕೆ ಹುರುಳಿ, ಹೆಸರುಕಾಳು, ಬಾಳೆದಿಂಡು, ಸೊಪ್ಪಿನ ಪಲ್ಯ, ತಿನ್ನುವವರಿಗೆ ಮೊಟ್ಟೆ, ಮೀನು. ಇದು ಆಗದ ಮಾತಲ್ಲ.

ಕಾಫಿಯ ವಿಷಯ ಹೇಳದಿದ್ದರೆ ಸದಸ್ಯರು ಒಪ್ಪಲಾರರು. ಕಾಫಿ ಕುಡಿಯುವವರಲ್ಲಿ ಲಿವರ್ ಗಟ್ಟಿಯಾಗುವುದು ಕಡಿಮೆಯೆಂದು ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡುಬಂದಿದೆ. ಇದರಿಂದ ನಾಳೆಯೇ ಧಾರಣೆ ಏರುತ್ತದೆಂಬ ಭ್ರಮೆ ಬೇಡ; ಕಾಫಿ ಔಷಧಿಯೂ ಅಲ್ಲ. ಆದರೆ ಲಿವರಿಗೆ ಹೆದರಿ ಕಾಫಿ ಬಿಡಬೇಕಾಗಿಲ್ಲ. ಬಿಡಬೇಕಾದ್ದು ಅದರೊಳಗಿನ ಸಕ್ಕರೆ. ದಿನಕ್ಕೆ ಐದು ಲೋಟ, ಲೋಟಕ್ಕೆ ಎರಡು ಚಮಚ ಎಂದರೆ 40ರಿಂದ 50 ಗ್ರಾಂ. ತಿಂಗಳಿಗೆ ಒಬ್ಬರಿಗೇ ಒಂದೂಕಾಲು ಕಿಲೋ ಹತ್ತಿರ! ದಿನಕ್ಕೆ ಸುಮಾರು 25 ಗ್ರಾಂ ಒಳಗಿದ್ದರೆ ಲೇಸೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೆಲ್ಲವಾದರೂ ಲಿವರಿನ ಪಾಲಿಗೆ ಅದೂ ಸಕ್ಕರೆಯೇ.

ಅಡಿಕೆಯ ಮಾತು ಬರೆಯುವಾಗ ನಮ್ಮ ಕೈ ಸ್ವಲ್ಪ ತಡೆಯಿತು. ಅದರಿಂದಲೇ ನಮ್ಮಲ್ಲಿ ಅನೇಕರ ಮನೆ ನಡೆಯುತ್ತದೆ. ಆದರೆ ಮುಚ್ಚಿಡುವುದು ಸರಿಯಲ್ಲ. ತೈವಾನಿನಲ್ಲಿ ಅಡಿಕೆ ಜಗಿಯುವವರ ಮೇಲೆ ನಡೆದ ಅಧ್ಯಯನಗಳಲ್ಲಿ ಅಂಥವರಿಗೆ ಸೊಂಟದ ಸುತ್ತಳತೆ, ಟ್ರೈಗ್ಲಿಸರೈಡ್, ಸಕ್ಕರೆ ಕಾಯಿಲೆ, ಹೃದ್ರೋಗ ಹೆಚ್ಚಿರುವುದು ಕಂಡಿದೆ. ಬಾಯಿಯ ಕ್ಯಾನ್ಸರಿನ ಮಾತಂತೂ ಇದ್ದೇ ಇದೆ. ಬೆಳೆಯುವುದು ಬೇರೆ, ದಿನವಿಡೀ ಬಾಯಲ್ಲಿ ಇಟ್ಟುಕೊಳ್ಳುವುದು ಬೇರೆ. ಫ್ಯಾಟಿ ಲಿವರ್ ಎಂದು ವರದಿ ಬಂದವರು ಕವಳದ ತಟ್ಟೆಯಿಂದ ದೂರ ಕೂತರೆ ಒಳ್ಳೆಯದು.

ತೂಕದ ವಿಷಯ. ಹೆಚ್ಚು ತೂಕವಿರುವವರು ಇದ್ದುದರಲ್ಲಿ ಶೇ. 5 ಇಳಿಸಿದರೆ ಲಿವರಿನ ಕೊಬ್ಬು ಕರಗತೊಡಗುತ್ತದೆ, ಶೇ. 7ರಿಂದ 10 ಇಳಿಸಿದರೆ ಉರಿಯೂತವೂ, ಹಲವರಲ್ಲಿ ಗಟ್ಟಿಯಾದದ್ದೂ ಹಿಂದೆ ಸರಿಯುತ್ತದೆ. 68 ಕಿಲೋದವರಿಗೆ ಶೇ. 7 ಎಂದರೆ ಐದು ಕಿಲೋ ಹತ್ತಿರ. ಒಂದು ವರ್ಷದಲ್ಲಿ ಸಾಧ್ಯ. ಊಟವಾದ ಮೇಲೆ ಕಾಲು ಗಂಟೆ ನಡೆದರೂ ಸ್ನಾಯುಗಳು ಸಕ್ಕರೆಯನ್ನು ಎಳೆದುಕೊಳ್ಳುತ್ತವೆ, ಇನ್ಸುಲಿನ್ನಿನ ಕೂಗಾಟ ಕಡಿಮೆಯಾಗುತ್ತದೆ.

ಮಾತ್ರೆಗಳ ಬಗ್ಗೆ ಒಂದು ಎಚ್ಚರಿಕೆ. ಲಿವರಿನಲ್ಲಿ ಕೊಬ್ಬಿದೆ ಎಂದೊಡನೆ ವೈದ್ಯರು ಕೊಟ್ಟ ಕೊಲೆಸ್ಟ್ರಾಲ್ ಮಾತ್ರೆಯನ್ನು ತಾವೇ ನಿಲ್ಲಿಸಿದವರನ್ನು ನಾವು ಬಲ್ಲೆವು. ಸ್ಟ್ಯಾಟಿನ್ ಮಾತ್ರೆಗಳನ್ನು ಫ್ಯಾಟಿ ಲಿವರ್ ಇರುವವರು ತೆಗೆದುಕೊಳ್ಳಬಹುದು; ಹೃದಯವನ್ನು ಕಾಯುವುದಕ್ಕೆ ಅವೇ ಬೇಕಾಗುತ್ತವೆ. ಹೀಗೆ ಬೇಕಾದ ಮಾತ್ರೆ ಬಿಟ್ಟು 'ಲಿವರ್ ಟಾನಿಕ್ಕಿ'ಗೆ, ಕಂಡ ಕಂಡ ಕಷಾಯಕ್ಕೆ ದುಡ್ಡು ಸುರಿಯುವುದು ಉಲ್ಟಾ ವ್ಯಾಪಾರ. ಅಮೃತಬಳ್ಳಿ ಸೇವಿಸಿದ ಕೆಲವರ ಲಿವರಿಗೇ ಹಾನಿಯಾದದ್ದನ್ನು ಮುಂಬಯಿಯ ವೈದ್ಯರು 2021ರಲ್ಲಿ ವರದಿ ಮಾಡಿದ್ದಾರೆ. ಈ ಕಾಯಿಲೆಗೆಂದೇ ತಯಾರಾದ ಹೊಸ ಔಷಧಿಗೆ 2024ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ. ಅದು ಲಿವರ್ ಗಟ್ಟಿಯಾಗತೊಡಗಿದವರಿಗೆ ಮಾತ್ರ, ಗ್ರೇಡ್ ಒಂದರವರೆಲ್ಲರಿಗೆ ಅಲ್ಲ.

ಮನೆಯ ಹೆಂಗಸರ ಮಾತು ಇಲ್ಲಿ ಬಿಟ್ಟುಹೋಗಬಾರದು. ತಪಾಸಣೆಗೆ ಹೋಗುವುದು ಯಜಮಾನರು. ಅಮ್ಮ, ಅತ್ತೆ, ಹೆಂಡತಿ ಕಾರಿನಲ್ಲಿ ಕೂತು ಬರುತ್ತಾರೆ. ಮುಟ್ಟು ನಿಂತ ಮೇಲೆ ಹೆಂಗಸರಿಗೂ ಈ ಅಪಾಯ ಏರುತ್ತದೆ. ಎದೆನೋವಿಲ್ಲದೆ ಬರಿಯ ಸುಸ್ತು, ಏದುಸಿರು, ವಾಕರಿಕೆಯಾಗಿ ಹೃದಯಾಘಾತ ಬರುವುದು ಅವರಲ್ಲಿ ಗಂಡಸರಿಗಿಂತ ಹೆಚ್ಚು.

ಎದೆಯಲ್ಲಿ ಹಿಡಿತ, ಎಡಗೈಗೆ ಅಥವಾ ದವಡೆಗೆ ಹರಡುವ ನೋವು, ತಣ್ಣನೆಯ ಬೆವರು ಕಂಡರೆ ಕಷಾಯ ಕಾಯಿಸುತ್ತಾ ಕೂರಬೇಡಿ. ತಾವೇ ಜೀಪು ಓಡಿಸಿಕೊಂಡು ಹೋಗುವುದೂ ಬೇಡ. 108ಕ್ಕೆ ಫೋನು ಮಾಡಿ; ಸಿಗ್ನಲ್ ಇಲ್ಲದ ತೋಟಗಳವರು ಯಾರ ಗಾಡಿ, ಯಾವ ದಾರಿ ಎಂದು ಮೊದಲೇ ಮಾತಾಡಿಕೊಂಡಿರಿ. ಮಂಗಳೂರು, ಹಾಸನ, ಮೈಸೂರು ದೂರವೆಂದು ನೇರ ಅಲ್ಲಿಗೇ ಹೊರಟು ಹೊತ್ತು ಕಳೆಯುವುದಕ್ಕಿಂತ ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲು ಇ.ಸಿ.ಜಿ. ತೆಗೆಸಿ. ಸರ್ಕಾರದ ಹೃದಯಜ್ಯೋತಿ ಯೋಜನೆಯಡಿ ಹಲವು ತಾಲ್ಲೂಕು ಆಸ್ಪತ್ರೆಗಳಲ್ಲಿ ಆ ಇ.ಸಿ.ಜಿ.ಯನ್ನು ದೂರದ ತಜ್ಞರಿಗೆ ಕಳಿಸಿ, ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡುವ ವ್ಯವಸ್ಥೆಯಿದೆ. ನಿಮ್ಮ ತಾಲ್ಲೂಕಿನಲ್ಲಿ ಇದೆಯೇ ಎಂಬುದನ್ನು ಈ ವಾರವೇ ವಿಚಾರಿಸಿಡಿ.

ರಕ್ತ ಪರೀಕ್ಷೆಗೆ ಹೋಗುವವರು ಹತ್ತರಿಂದ ಹನ್ನೆರಡು ಗಂಟೆ ಬರಿಹೊಟ್ಟೆಯಲ್ಲಿರಬೇಕು, ನೀರು ಕುಡಿಯಬಹುದು. ಬೀರುವಿನಲ್ಲಿರುವ ಹಳೆಯ ಸ್ಕ್ಯಾನಿಂಗ್ ವರದಿಯನ್ನು ಜೊತೆಗೆ ಒಯ್ಯಲು ಮರೆಯಬೇಡಿ. ಲೆಕ್ಕ ತಿಳಿಯದವರು ಸಂಘದ ಕಚೇರಿಗೆ ಕಾಗದ ತಂದರೆ ನಮ್ಮ ಗುಮಾಸ್ತರು ಭಾಗಿಸಿ ಬರೆದುಕೊಡುತ್ತಾರೆ. ಹೊಲಿಗೆಯ ಟೇಪನ್ನೂ ಗೊಬ್ಬರದ ಕೌಂಟರಿನ ಬಳಿ ತೂಗುಹಾಕಿದೆ.